ಗೇಣು ಅಳೆದು ಭವಿಷ್ಯ ಹೇಳುವವರಿಗೊಂದು ಕೈಪಿಡಿ

ಈ ಕೈಪಿಡಿಯನ್ನು ಯಾರು ಬೇಕಾದರೂ ಬಳಸಬಹುದು. ಟಿವಿ ಮುಂದೆ ಕೂರಲು ಪುರುಸೊತ್ತು ಬೇಕು, ಹೋದ ವರ್ಷ ಹೇಳಿದ್ದನ್ನು ಈ ವರ್ಷ ಮರೆಯುವ ಶಕ್ತಿ ಬೇಕು, ಅಷ್ಟೆ. ಆಟ ಗೊತ್ತಿರಲೇಬೇಕೆಂದೇನಿಲ್ಲ. ನನಗೂ ಗೊತ್ತಿರಲಿಲ್ಲ. ಸಾಂತಾ ಕ್ಲಾರಾದ ಲೆವೈಸ್ ಸ್ಟೇಡಿಯಂಗೆ ಹತ್ತಿರದಲ್ಲಿ ಮನೆ ಹಿಡಿದ ತಪ್ಪಿಗೆ ಒಂದು ಭಾನುವಾರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಇದೇನು ಇಷ್ಟು ಜನ ಕೆಂಪಂಗಿ ತೊಟ್ಟು ಜಾತ್ರೆಗೆ ಹೊರಟ ಹಾಗೆ ಹೊರಟಿದ್ದಾರೆ ಎಂದು ವಿಚಾರಿಸಲು ಹೋದವನು ಈ ಚಟಕ್ಕೆ ಬಿದ್ದೆ. ಅಂದಿನಿಂದ ಇಂದಿನವರೆಗೆ ನಾನು ನುಡಿದ ಕ್ವಾರ್ಟರ್‌ಬ್ಯಾಕ್ ಭವಿಷ್ಯಗಳಲ್ಲಿ ಫಲಿಸಿದ್ದು ಒಂದೇ ಒಂದು. ಅದೂ ಬೇರೆ ಯಾರದೋ ಹೆಸರು ಹೇಳಲು ಹೋಗಿ ಬಾಯಿತಪ್ಪಿ ಹೇಳಿದ್ದು. ಕೈಪಿಡಿ ಬರೆಯುವುದಕ್ಕೆ ಇಷ್ಟು ಅರ್ಹತೆ ಧಾರಾಳವಾಯಿತು.

ಮೊದಲು ಪದಾರ್ಥ ಪರಿಚಯ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೊಂದು ಕಡೆ ಹನ್ನೊಂದು ಜನ. ದಾಳಿಗೆ ನಿಂತ ಹನ್ನೊಂದರಲ್ಲಿ ಚೆಂಡು ಹೆಚ್ಚೂಕಡಿಮೆ ಪ್ರತಿಸಲವೂ ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಬಂದ ಮೇಲೆ ಅವನಿಗಿರುವುದು ಎರಡೂವರೆ, ಮೂರು ಸೆಕೆಂಡು. ನೂರಿಪ್ಪತ್ತು ಮೂವತ್ತು ಕಿಲೋ ತೂಗುವ ಆಳುಗಳು ಬಂದು ಮೈಮೇಲೆ ಬೀಳುವುದರೊಳಗೆ, ಮುಂದೆ ಓಡುತ್ತಿರುವ ನಾಲ್ಕೈದು ಜನರಲ್ಲಿ ಒಬ್ಬನನ್ನು ಆರಿಸಿ, ಅವನು ಈಗ ಇರುವ ಕಡೆಗಲ್ಲ, ಇನ್ನೊಂದು ಗಳಿಗೆಗೆ ಎಲ್ಲಿರುತ್ತಾನೋ ಅಲ್ಲಿಗೆ ಚೆಂಡು ಎಸೆಯಬೇಕು. ಎಸೆದರೆ ಸಾಲದು, ಎದುರು ಪಕ್ಷದವನ ಕೈಗೆ ಸಿಗದ ಹಾಗೆ ಎಸೆಯಬೇಕು. ಕಾಲೇಜಿನಲ್ಲಿ ಇದನ್ನು ಸೊಗಸಾಗಿ ಮಾಡಿದ ಹುಡುಗ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನಲ್ಲೂ ಮಾಡುತ್ತಾನೆಯೇ? ಇದೇ ಪ್ರಶ್ನೆ. ಇದಕ್ಕೆ ಉತ್ತರ ಹೇಳುವ ಕೆಲಸದಲ್ಲಿ ಅಲ್ಲಿ ಎಷ್ಟೋ ಸಂಸಾರಗಳ ಹೊಟ್ಟೆ ಹೊರೆಯುತ್ತಿದೆ.

ಪ್ರತಿವರ್ಷ ಏಪ್ರಿಲ್ ಕೊನೆಗೆ ಡ್ರಾಫ್ಟ್. ನಮ್ಮ ಐಪಿಎಲ್ ಹರಾಜಿನಂತೆ ಇಲ್ಲಿ ದುಡ್ಡು ಕೂಗುವುದಿಲ್ಲ, ಸರದಿಯ ಮೇಲೆ ಆಯ್ಕೆ. 32 ತಂಡ, ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಹೀನಾಯವಾಗಿ ಸೋತವರಿಗೆ ಮೊದಲ ಕೈ. 1936ರಲ್ಲಿ ಈ ಪದ್ಧತಿ ಶುರುವಾದಾಗ ಮೊಟ್ಟಮೊದಲು ಆಯ್ಕೆಯಾದವನು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಅವನು ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಅವನು ಕ್ವಾರ್ಟರ್‌ಬ್ಯಾಕ್ ಅಲ್ಲ, ಹಾಫ್‌ಬ್ಯಾಕ್. ಆದರೂ ಶಕುನ ಶಕುನವೇ.

ಬೇಕಾಗುವ ಸಾಮಾನು

ಇಂಚು ಟೇಪು ಒಂದು. ಸ್ಟಾಪ್‌ವಾಚ್ ಒಂದು. ವಿಶೇಷಣಗಳು, ರುಚಿಗೆ ತಕ್ಕಷ್ಟು.

ಗೇಣು

ಟೇಪಿನಿಂದಲೇ ಶುರುಮಾಡಿ. ಇಂಡಿಯಾನಾಪೊಲಿಸ್ ನಗರದಲ್ಲಿ ವರ್ಷಕ್ಕೊಮ್ಮೆ ಕಾಂಬೈನ್ ಎಂಬ ಶಾಸ್ತ್ರ ನಡೆಯುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯನ್ನು ನಡೆಸಿ, ಹಾಡಿಸಿ, ಮಾತಾಡಿಸುತ್ತಿದ್ದರಲ್ಲ, ಹಾಗೆಯೇ ಇಲ್ಲಿ ಹುಡುಗರನ್ನು ಓಡಿಸಿ, ಎಗರಿಸಿ, ತೂಗಿ ನೋಡುತ್ತಾರೆ. ಉಪ್ಪಿಟ್ಟು ಕೇಸರಿಭಾತು ಮಾತ್ರ ಇಲ್ಲ. ಇಲ್ಲಿನ ಪರೀಕ್ಷೆಗಳಲ್ಲೆಲ್ಲ ನನಗೆ ಅಚ್ಚುಮೆಚ್ಚಿನದು ಕೈ ಅಳೆಯುವುದು. ಅಂಗೈ ಅಗಲಿಸಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಎಷ್ಟು ಇಂಚು ಎಂದು ನೋಡಿ ಬರೆದುಕೊಳ್ಳುತ್ತಾರೆ. ಅಂದರೆ ಗೇಣು! ಬಟ್ಟೆ ಅಂಗಡಿಯಲ್ಲಿ ನಮ್ಮಜ್ಜಿ ಯಾವುದರಿಂದ ಅಳೆದು ಅಂಗಡಿಯವನ ಮೊಳಕೋಲನ್ನು ಸುಳ್ಳುಮಾಡುತ್ತಿದ್ದರೋ, ಅದೇ ಗೇಣು. ಕೋಟ್ಯಂತರ ಡಾಲರ್ ಹೂಡುವ ಮೊದಲು ಆ ಶ್ರೀಮಂತರು ಕೊನೆಗೆ ಬಂದು ನಿಲ್ಲುವುದು ಇದರ ಮುಂದೆಯೇ. ಒಂಬತ್ತು ಇಂಚಿಗಿಂತ ಕಡಿಮೆಯಾದರೆ ಚಳಿಯಲ್ಲಿ, ಮಳೆಯಲ್ಲಿ ಚೆಂಡು ಜಾರುತ್ತದೆ ಎಂಬುದು ನಂಬಿಕೆ.

2020ರಲ್ಲಿ ಜೋ ಬರೋನ ಗೇಣು ಸರಿಯಾಗಿ ಒಂಬತ್ತಿಂಚು ಬಂತು. ಅಯ್ಯೋ ಚಿಕ್ಕದಾಯಿತು ಎಂದು ಗುಲ್ಲೆದ್ದಾಗ, ಚೆಂಡು ನನ್ನ ಪುಟ್ಟ ಕೈಯಿಂದ ಜಾರುವುದಂತೆ, ನಿವೃತ್ತಿ ಆಗಿಬಿಡೋಣವೆಂದಿದ್ದೇನೆ ಎಂಬ ಅರ್ಥದಲ್ಲಿ ಆ ಹುಡುಗ ಟ್ವೀಟ್ ಮಾಡಿ ನಕ್ಕ. ಸಿನ್ಸಿನಾಟಿ ಬೆಂಗಾಲ್ಸ್ ಅವನನ್ನು ಮೊದಲನೆಯವನಾಗಿ ಆರಿಸಿತು. ಎರಡನೆಯ ವರ್ಷಕ್ಕೇ ತಂಡವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಒಯ್ದ.

2022ರಲ್ಲಿ ಕೆನಿ ಪಿಕೆಟ್ ಸರದಿ. ಎಂಟೂವರೆ ಇಂಚು. ಟಿವಿಯಲ್ಲಿ ಸೂತಕದ ಕಳೆ. ಹೆಬ್ಬೆರಳು ಮಾಮೂಲಿಗಿಂತ ಹೆಚ್ಚು ಬಾಗುತ್ತದೆ, ಅಳತೆಗೆ ಸರಿಯಾಗಿ ಕೂರುವುದಿಲ್ಲ ಎಂದು ವಿವರಣೆ. ಕೈ ಹಿಗ್ಗಿಸುವ ವ್ಯಾಯಾಮ ಮಾಡಿ ಮತ್ತೊಮ್ಮೆ ಅಳೆಸಿದಾಗ ಒಂದಿಂಚಿನ ಎಂಟನೆಯ ಒಂದು ಭಾಗ ಬೆಳೆದಿತ್ತು. ಇದನ್ನು ನೋಡಿದ ಆವೇಶದಲ್ಲಿ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕೈ ಅಗಲಿಸಿಟ್ಟು ಟೇಪು ಹಿಡಿದೆ.

‘ಏನ್ರೀ ಅದು? ಬ್ಲೌಸ್ ಅಳತೆ ಟೇಪಲ್ಲಿ ಏನು ಮಾಡ್ತಿದೀರಾ?’

‘ಎಂಟೂ ಮುಕ್ಕಾಲು! ಪಿಕೆಟ್‌ಗಿಂತ ಕಾಲಿಂಚು ಜಾಸ್ತಿ ಕಣೇ.’

ಅವಳದನ್ನೂ ಅಳೆದೆ. ಎಂಟೇ ಇಂಚು. ನಾನು ಗೆದ್ದೆನೆಂದು ಬೀಗುತ್ತಿರುವಾಗಲೇ, ಬೆಳಗ್ಗೆಯಿಂದ ನನ್ನ ಕೈಲಿ ಆಗದೆ ಪಕ್ಕಕ್ಕಿಟ್ಟಿದ್ದ ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಆ ಎಂಟಿಂಚಿನ ಕೈ ಒಂದೇ ಸುತ್ತಿಗೆ ತೆಗೆದಿಟ್ಟು ಒಗ್ಗರಣೆಯ ಕಡೆ ತಿರುಗಿತು.

ಪಿಕೆಟ್‌ನನ್ನು ಪಿಟ್ಸ್‌ಬರ್ಗ್ ಸ್ಟೀಲರ್ಸ್ 20ನೆಯವನಾಗಿ ತೆಗೆದುಕೊಂಡಿತು, ಎರಡು ವರ್ಷ ಆಡಿಸಿ 2024ರಲ್ಲಿ ಫಿಲಡೆಲ್ಫಿಯಾಕ್ಕೆ ಸಾಗಹಾಕಿತು. ಕಾರಣ ಗೇಣೇ ಎಂದು ಯಾರೂ ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಕೈಪಿಡಿ ಓದುವವರು ಈ ಸೂಕ್ಷ್ಮವನ್ನು ಗಮನಿಸಬೇಕು: ಅಳತೆ ಯಾವತ್ತೂ ಸುಳ್ಳಾಗುವುದಿಲ್ಲ, ಬೇಡವಾದಾಗ ಮರೆತುಹೋಗುತ್ತದೆ.

ಓಟ, ಬುದ್ಧಿ

ಸ್ಟಾಪ್‌ವಾಚ್ ಹಿಡಿದು 40 ಗಜ ಓಡಿಸಿ. 2000ದಲ್ಲಿ ಮಿಶಿಗನ್‌ನ ಟಾಮ್ ಬ್ರೇಡಿ ಈ ದೂರಕ್ಕೆ 5.28 ಸೆಕೆಂಡು ತೆಗೆದುಕೊಂಡ. ಬರಿಮೈಯಲ್ಲಿ ಚಡ್ಡಿ ಹಾಕಿ ನಿಂತ ಅವನ ಅಂದಿನ ಫೋಟೋ ನೋಡಿದರೆ, ಬೇಸಿಗೆ ರಜೆಗೆ ಬಂದ ಸೋದರಳಿಯನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ತೆಗೆದ ಹಾಗಿದೆ. ಅವನನ್ನು ಆರನೆಯ ಸುತ್ತಿನವರೆಗೆ ಯಾರೂ ಮುಟ್ಟಲಿಲ್ಲ. 199ನೆಯವನಾಗಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತೆಗೆದುಕೊಂಡಿತು. ಮುಂದೆ ಏಳು ಸೂಪರ್ ಬೌಲ್ ಗೆದ್ದ. ಎಲ್ಲಿಗೂ ಓಡಬೇಕಾಗಿ ಬರಲಿಲ್ಲ.

ಬುದ್ಧಿ ಅಳೆಯಲು ವಂಡರ್‌ಲಿಕ್ ಎಂಬ ಪರೀಕ್ಷೆ ಇತ್ತು. 12 ನಿಮಿಷ, 50 ಪ್ರಶ್ನೆ. ಅಂಕಗಳು ಗುಟ್ಟು, ಆದ್ದರಿಂದ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತಿದ್ದವು. 2022ರಲ್ಲಿ ಕಾಂಬೈನ್‌ನಿಂದ ಅದನ್ನು ಕೈಬಿಟ್ಟರು. ಆ ಜಾಗಕ್ಕೆ ಪರದೆಯ ಮೇಲೆ ಮಿಂಚುವ ಆಕಾರಗಳನ್ನು ಗುರುತಿಸುವ ಎಸ್‌-ಟೂ ಎಂಬ ಹೊಸ ಪರೀಕ್ಷೆ ಸದ್ದುಮಾಡಿತು. 2023ರಲ್ಲಿ ಒಹಾಯೊ ಸ್ಟೇಟ್‌ನ ಸಿ. ಜೆ. ಸ್ಟ್ರೌಡ್ ಅದರಲ್ಲಿ ತೀರಾ ಕೆಳಗಿದ್ದಾನೆ, ಅಲಬಾಮಾದ ಬ್ರೈಸ್ ಯಂಗ್ ತುದಿಯಲ್ಲಿದ್ದಾನೆ ಎಂಬ ಸುದ್ದಿ ಸೋರಿತು. ಯಂಗ್ ಮೊದಲನೆಯವನಾಗಿ ಕ್ಯಾರೊಲಿನಾಕ್ಕೆ ಹೋದ, ಸ್ಟ್ರೌಡ್ ಎರಡನೆಯವನಾಗಿ ಹ್ಯೂಸ್ಟನ್‌ಗೆ. ಆ ವರ್ಷ ಕ್ಯಾರೊಲಿನಾ 17ರಲ್ಲಿ ಗೆದ್ದದ್ದು ಎರಡು ಪಂದ್ಯ. ಸ್ಟ್ರೌಡ್ ಅಂಕ ತರುವ ಟಚ್‌ಡೌನ್ 23 ಎಸೆದು, ಎದುರಾಳಿಗೆ ಐದೇ ಸಲ ಚೆಂಡು ಒಪ್ಪಿಸಿ, ವರ್ಷದ ಹೊಸಬರ ಪ್ರಶಸ್ತಿ ಪಡೆದ. ಮನೆಯಲ್ಲಿ ಮಕ್ಕಳ ಮಾರ್ಕ್ಸ್ ಕಾರ್ಡು ಬಂದ ದಿನ ನಾನು ಈ ಕಥೆ ಹೇಳುವುದಿಲ್ಲ.

ಕಾಲೇಜಿನ ಅಂಕಪಟ್ಟಿ

ಅಳೆಯುವುದು ಬೇಸರವಾದರೆ ಓದಿ. ಎಸೆದ ನೂರಕ್ಕೆ ಎಷ್ಟು ನಮ್ಮವರ ಕೈ ಸೇರಿತು, ಎಷ್ಟು ಪಂದ್ಯ ಆಡಿದ, ಎಷ್ಟು ಗೆದ್ದ. ಕೋಚ್ ಬಿಲ್ ಪಾರ್ಸೆಲ್ಸ್ ಈ ಬಗ್ಗೆ ಒಂದು ಪಟ್ಟಿಯನ್ನೇ ಇಟ್ಟುಕೊಂಡಿದ್ದರು: ಹುಡುಗ ಕೊನೆಯ ವರ್ಷದವನಿರಬೇಕು, ಡಿಗ್ರಿ ಮುಗಿಸಿರಬೇಕು, ಮೂರು ವರ್ಷ ಆಡಿರಬೇಕು. ಸಂಬಂಧ ಹುಡುಕುವವರು ಬರೆಸುವ ಜಾಹೀರಾತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನನ್ನ ಅಭಿಪ್ರಾಯದಲ್ಲಿ ಟೇಪು ಗಡಿಯಾರಗಳಿಗಿಂತ ಈ ಪಟ್ಟಿಯೇ ವಾಸಿ. ಹೆಚ್ಚು ಆಡಿದವನನ್ನು ಹೆಚ್ಚು ನೋಡಿರುತ್ತೇವೆ, ಅಷ್ಟರಮಟ್ಟಿಗೆ ಮೋಸ ಕಡಿಮೆ.

ತೊಂದರೆ ಬೇರೆ ಕಡೆಗಿದೆ. ಕಾಲೇಜಿನದು, ಎನ್‌ಎಫ್‌ಎಲ್‌ನದು ಎರಡೂ ಒಂದೇ ಆಟ ಎಂದುಕೊಂಡಿದ್ದೇವೆ. ಮೈದಾನದ ಉದ್ದಗಲ ಒಂದೇ ಆದರೂ, ಪ್ರತಿ ಸಲ ಚೆಂಡು ಎಲ್ಲಿಂದ ಶುರುವಾಗಬೇಕು ಎಂದು ಮಧ್ಯದಲ್ಲಿ ಎರಡು ಸಾಲು ಗೆರೆ ಎಳೆದಿರುತ್ತಾರಲ್ಲ, ಕಾಲೇಜಿನಲ್ಲಿ ಆ ಸಾಲುಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಕಾಲೇಜಿನಲ್ಲಿ ಆಟ ಒಂದು ಬದಿಯಿಂದ ಶುರುವಾದರೆ ಇನ್ನೊಂದು ಬದಿ ಖಾಲಿ ಬಯಲು. ಅಲ್ಲಿ ಓಡುವವನ ಹತ್ತಿರ ಒಂದು ನರಪಿಳ್ಳೆಯೂ ಇರುವುದಿಲ್ಲ. ಕೋಚ್ ಅಂಚಿನಲ್ಲಿ ನಿಂತು ಚಿತ್ರದ ಹಲಗೆ ಎತ್ತಿ ತೋರಿಸುತ್ತಾನೆ, ಹುಡುಗ ಮೊದಲ ಆಳು ಕಂಡ ಕಡೆ ಎಸೆಯುತ್ತಾನೆ. ಶೇಕಡಾ 70 ಸರಾಗವಾಗಿ ಬರುತ್ತದೆ. ವೃತ್ತಿಪರ ಲೀಗಿನಲ್ಲಿ ಖಾಲಿ ಎನ್ನುವುದು ಒಂದು ತೋಳಿನಷ್ಟು ಜಾಗ. ಅದೂ ಚೆಂಡು ಕೈ ಬಿಡುವಾಗ ಇನ್ನೂ ತೆರೆದಿರುವುದಿಲ್ಲ.

ಹಾಗಾದರೆ ಕಾಲೇಜಿನಲ್ಲೇ ಗುರಿ ತಪ್ಪುತ್ತಿದ್ದವನ ಗತಿ? ವೈಯೋಮಿಂಗ್‌ನ ಜಾಶ್ ಅಲೆನ್‌ನದು ಶೇಕಡಾ 56.2. ಅಂಕಪಟ್ಟಿ ನಂಬುವವರೆಲ್ಲ 2018ರಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದರು. ಬಫಲೋ ಬಿಲ್ಸ್ ಏಳನೆಯವನಾಗಿ ಆರಿಸಿತು. ಮೊದಲ ವರ್ಷ 52.8, ಇನ್ನೂ ಕೆಳಗೆ. ಗೆರೆ ಎಳೆದವರು ಹೆಮ್ಮೆಯಿಂದ ಪೆನ್ನಿಗೆ ಮುಚ್ಚಳ ಹಾಕಿದರು. ಮೂರನೆಯ ವರ್ಷಕ್ಕೆ 69.2. 2024ರ ಲೀಗಿನ ಅತ್ಯಮೂಲ್ಯ ಆಟಗಾರ ಅವನೇ. ಅದೇ 2018ರಲ್ಲಿ ಎಲ್ಲರಿಗಿಂತ ಸಿದ್ಧ ಸರಕು ಎಂದು ಹೊಗಳಿಸಿಕೊಂಡವನು ಜಾಶ್ ರೋಸನ್. ಅರಿಜೋನಾ ಅವನನ್ನು ಹತ್ತನೆಯವನಾಗಿ ತಂದು, ಒಂದೇ ವರ್ಷಕ್ಕೆ ಬೇರೊಬ್ಬನನ್ನು ಆರಿಸಿಕೊಂಡು, ಅವನನ್ನು ಮಯಾಮಿಗೆ ಕಳಿಸಿತು.

ವಿಶೇಷಣ ಬಳಸುವ ಕ್ರಮ

ಎತ್ತರವಿದ್ದು ನಿಧಾನವಾದರೆ ‘ಪಾಕೆಟ್‌ನಲ್ಲಿ ಸ್ಥಿರ’. ಕುಳ್ಳಗಿದ್ದು ಚುರುಕಾದರೆ ‘ಆಟಗಾರ’. ಏನೂ ಹೇಳಲು ತೋಚದಿದ್ದರೆ ‘ಹುಟ್ಟು ನಾಯಕ’. ಎರಡು ಕಡೆಗೂ ಸಲ್ಲುವ ಮಾತು ಸದಾ ಕಿಸೆಯಲ್ಲಿರಲಿ. ಪೇಟನ್ ಮ್ಯಾನಿಂಗ್, ರಯಾನ್ ಲೀಫ್ ಇಬ್ಬರೂ 1998ರಲ್ಲಿ ಒಂದನೆಯ, ಎರಡನೆಯ ಸ್ಥಾನಕ್ಕೆ ಪೈಪೋಟಿಗೆ ಬಿದ್ದಾಗ, ಯಾರು ಮೊದಲು ಎಂಬ ಚರ್ಚೆ ಗಂಭೀರವಾಗಿಯೇ ನಡೆದಿತ್ತು. ಲೀಫ್‌ನನ್ನು ಕೈಬಿಡಬಾರದೆಂದು ಸ್ಯಾನ್ ಡಿಯೇಗೊ ಚಾರ್ಜರ್ಸ್ ಬೆಲೆ ತೆತ್ತು ಮೂರರಿಂದ ಎರಡಕ್ಕೆ ಏರಿತು. ಅವನ ಮೂರನೆಯ ಪಂದ್ಯದಲ್ಲಿ 15 ಎಸೆತಕ್ಕೆ ಒಂದು ನಮ್ಮವರಿಗೆ ಸಿಕ್ಕಿತು, ನಾಲ್ಕು ಗಜ. ಆದರೆ ಅದೇ ವರ್ಷ ಮ್ಯಾನಿಂಗ್ 28 ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದ್ದ. ಮೊದಲ ವರ್ಷದವರಲ್ಲಿ ಯಾರೂ ಅಷ್ಟು ಒಪ್ಪಿಸಿರಲಿಲ್ಲ. ಡಿಸೆಂಬರಿನಲ್ಲಿ ಬರೀ ಅಂಕ ಹಿಡಿದು ಕೂತವನು ಇಬ್ಬರನ್ನೂ ಮನೆಗೆ ಕಳಿಸುತ್ತಿದ್ದ.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ವಿಷಯದಲ್ಲಿ ವಿಶೇಷಣ ಬೇಡ, ಸಂಖ್ಯಾಶಾಸ್ತ್ರ ಸಾಕು. 2007, 2012, 2014, ಮೂರು ಸಲ 22ನೆಯ ಆಯ್ಕೆಯಲ್ಲಿ ಕ್ವಾರ್ಟರ್‌ಬ್ಯಾಕ್ ತಂದರು. ಮೂವರೂ ನಿಲ್ಲಲಿಲ್ಲ. ಊರಿನಲ್ಲಿ ಒಬ್ಬರಾದರೂ ಸಂಖ್ಯೆ ನೋಡುವವರು ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ.

ಮನೆ ನೋಡುವುದು

ಈ ಹಂತವನ್ನು ಬೇಕಾದರೆ ಬಿಡಬಹುದು. ಎಲ್ಲರೂ ಬಿಡುತ್ತಾರೆ, ಯಾಕೆಂದರೆ ಇದಕ್ಕೆ ಟೇಪು ಸಾಲದು. ಹುಡುಗನನ್ನು ಅಳೆದಾಯಿತು, ಸರಿ, ಅವನು ಹೋಗಿ ಸೇರುವ ಮನೆ ಎಂಥದು? ನಮ್ಮೂರಿನ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್‌ದನ್ನೇ ತೆಗೆದುಕೊಳ್ಳಿ. ಒಂದೇ ಮನೆಯ ಜಾತಕಗಳು, ಹತ್ತಿರದಿಂದ ನೋಡಿದವು.

2000. ಬ್ರೇಡಿ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯ ಸ್ಯಾನ್ ಮಟೇಯೊ ಹುಡುಗ. ಚಿಕ್ಕಂದಿನಿಂದ ಇದೇ ತಂಡದ ಅಭಿಮಾನಿ. ತಂಡಕ್ಕೂ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಆಯ್ಕೆಯ ಹೊಣೆ ಬಿಲ್ ವಾಲ್ಶ್ ಅವರದು. 1979ರಲ್ಲಿ ಯಾರಿಗೂ ಬೇಡವಾಗಿದ್ದ ಜೋ ಮಾಂಟಾನಾನನ್ನು ಮೂರನೆಯ ಸುತ್ತಿನಲ್ಲಿ ಹೆಕ್ಕಿ ತೆಗೆದ ವಾಲ್ಶ್! ಈ ವಿದ್ಯೆಯಲ್ಲಿ ಅವರಿಗಿಂತ ಬಲ್ಲವರಿಲ್ಲ. ಅವರು ಮೂರನೆಯ ಸುತ್ತಿನಲ್ಲಿ, 65ನೆಯವನಾಗಿ, ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದ ಜೊವಾನಿ ಕಾರ್ಮಾಜಿಯನ್ನು ಆರಿಸಿದರು. ಕಾರ್ಮಾಜಿ ಲೀಗಿನ ಒಂದು ನಿಯಮಿತ ಪಂದ್ಯವನ್ನೂ ಆಡಲಿಲ್ಲ.

2005. ಈ ಸಲ ಮೊದಲ ಕೈ ನಮ್ಮದೇ. ಪಕ್ಕದ ಬರ್ಕ್ಲಿಯಲ್ಲಿ ಆ್ಯರನ್ ರಾಜರ್ಸ್ ಓದುತ್ತಿದ್ದಾನೆ, ಅವನೂ ಇದೇ ತಂಡದ ಭಕ್ತ. ತಂಡ ಯೂಟಾದ ಆ್ಯಲೆಕ್ಸ್ ಸ್ಮಿತ್‌ನನ್ನು ತಂದಿತು. ರಾಜರ್ಸ್ ನ್ಯೂಯಾರ್ಕಿನ ಡ್ರಾಫ್ಟ್ ಕೋಣೆಯಲ್ಲಿ, ಕ್ಯಾಮೆರಾ ಮುಂದೆ, ಒಬ್ಬೊಬ್ಬರೇ ಎದ್ದು ಹೋಗುವುದನ್ನು ಗಂಟೆಗಟ್ಟಲೆ ನೋಡುತ್ತ ಕೂತಿದ್ದ. 24ನೆಯವನಾಗಿ ಗ್ರೀನ್ ಬೇ ಕರೆಯಿತು. ಅಲ್ಲಿ ಮೂರು ವರ್ಷ ಬ್ರೆಟ್ ಫಾರ್ವ್‌ನ ಹಿಂದೆ ಬೆಂಚಿನಲ್ಲಿ ಕೂತು ಕಲಿತ, ಮುಂದೆ ನಾಲ್ಕು ಸಲ ಅತ್ಯಮೂಲ್ಯ ಆಟಗಾರನಾದ. ಇಲ್ಲಿ, ಆಗಷ್ಟೇ 21 ತುಂಬಿದ್ದ ಸ್ಮಿತ್‌ನನ್ನು ಮೊದಲ ವರ್ಷವೇ ಕಣಕ್ಕೆ ತಳ್ಳಿದರು. ಒಂದು ಟಚ್‌ಡೌನ್, ಎದುರಾಳಿಗೆ ಒಪ್ಪಿಸಿದ್ದು 11 ಸಲ. ಅಲ್ಲಿಂದಾಚೆ ಅವನಿಗೆ ಪಾಠ ಹೇಳುವ ಆಫೆನ್ಸಿವ್ ಕೋಆರ್ಡಿನೇಟರ್ ವರ್ಷಕ್ಕೊಬ್ಬ ಎನ್ನುವ ಹಾಗೆ ಬದಲಾದರು. ಒಂದೇ ಸೊಸೆಗೆ ವರ್ಷಕ್ಕೊಬ್ಬ ಅತ್ತೆ ಬಂದು, ಸಾರಿಗೆ ಹುಳಿ ಮೊದಲು ಹಾಕಬೇಕೋ ಬೇಳೆ ಮೊದಲು ಹಾಕಬೇಕೋ ಎಂದು ಹೊಸದಾಗಿ ಹೇಳಿಕೊಟ್ಟ ಹಾಗೆ. ಸ್ಮಿತ್ ಕೆಟ್ಟ ಆಯ್ಕೆ ಎಂದು ಊರೆಲ್ಲ ತೀರ್ಮಾನಿಸಿತು. 2011ರಲ್ಲಿ ಜಿಮ್ ಹಾರ್ಬೊ ಕೋಚ್ ಆಗಿ ಬಂದರು. ಅದೇ ಹುಡುಗ, ಅದೇ ಗೇಣು. ತಂಡ 13 ಪಂದ್ಯ ಗೆದ್ದಿತು, ಸ್ಮಿತ್ 16 ಪಂದ್ಯದಲ್ಲಿ ಬರೀ ಐದು ಸಲ ಚೆಂಡು ಕಳೆದ. ಸ್ಮಿತ್, ರಾಜರ್ಸ್ ಇಬ್ಬರನ್ನೂ ಅದಲುಬದಲು ಮಾಡಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಸ್ಮಿತ್ ರಾಜರ್ಸ್ ಆಗುತ್ತಿರಲಿಲ್ಲ, ನಿಜ. ಆದರೆ ಈ ಮನೆಯಲ್ಲಿ ರಾಜರ್ಸ್ ರಾಜರ್ಸ್ ಆಗಿ ಉಳಿಯುತ್ತಿದ್ದ ಎಂದು ಹೇಳುವ ಧೈರ್ಯವೂ ನನಗಿಲ್ಲ.

2021. ಪಾಠ ಕಲಿತ ತಂಡ ಈ ಸಲ ಏನನ್ನೂ ವಿಧಿಗೆ ಬಿಡಲಿಲ್ಲ. 12ನೆಯ ಸರದಿಯಿಂದ ಮೂರಕ್ಕೆ ಏರಲು ತನ್ನ ಮುಂದಿನ ಎರಡು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನೂ ಸೇರಿಸಿ ತೆತ್ತು, ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್‌ನನ್ನು ತಂದಿತು. ಕಾಲೇಜಿನಲ್ಲಿ ಅವನು ಶುರುಮಾಡಿದ ಪಂದ್ಯ 17. ಎತ್ತರ, ವೇಗ, ತೋಳು, ಎಲ್ಲವೂ ಅಳತೆಗೆ ಸರಿ. ನಾನೂ ಬಾಯಿ ತುಂಬ ಹರಸಿದೆ. ನಾಲ್ಕು ಪಂದ್ಯ ಶುರುಮಾಡಿದ, ಕಾಲಿನ ಗಂಟು ಮುರಿಯಿತು. 2023ರ ಆಗಸ್ಟ್‌ನಲ್ಲಿ ಒಂದೇ ಒಂದು ನಾಲ್ಕನೆಯ ಸುತ್ತಿನ ಆಯ್ಕೆಗೆ ಬದಲಾಗಿ ಡಲ್ಲಾಸ್‌ಗೆ ಹೋದ.

ಇನ್ನು 2022. ಇದು ಜಾತಕ ಎಂದೂ ಹೇಳಲಾರೆ, ಯಾಕೆಂದರೆ ಯಾರೂ ಬರೆಸಿರಲಿಲ್ಲ. ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, 262ನೆಯದು, ನಮ್ಮದಾಗಿತ್ತು. ಕೊನೆಯವನಿಗೆ ಅಲ್ಲಿ ‘ಮಿಸ್ಟರ್ ಇರ್ರೆಲೆವೆಂಟ್’, ಅಂದರೆ ಲೆಕ್ಕಕ್ಕಿಲ್ಲದ ಮಹಾಶಯ ಎಂದು ಹೆಸರು. ಕೈಜಾರಿ ಚೆಂಡು ಬೀಳಿಸುತ್ತಿರುವ ಆಟಗಾರನ ಗೊಂಬೆಯನ್ನೇ ಟ್ರೋಫಿಯಾಗಿ ಕೊಟ್ಟು ತಮಾಷೆ ಮಾಡುತ್ತಾರೆ. ಆ ವರ್ಷದ ಮಹಾಶಯ ಅಯೊವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ್ದ ಬ್ರಾಕ್ ಪರ್ಡಿ. ಲ್ಯಾನ್ಸ್ ಬಿದ್ದ, ಅವನ ಜಾಗಕ್ಕೆ ಬಂದ ಗರಾಪ್ಪಲೋನೂ ಡಿಸೆಂಬರಿನಲ್ಲಿ ಬಿದ್ದ. ಬೇರೆ ಗತಿಯಿಲ್ಲದೆ ಪರ್ಡಿಯನ್ನು ಇಳಿಸಿದರು. ಮುಂದಿನ ವರ್ಷ ತಂಡವನ್ನು ಸೂಪರ್ ಬೌಲ್‌ಗೆ ಕೊಂಡೊಯ್ದ. 2025ರಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದವಾಯಿತು. ಕೋಚ್ ಕೈಲ್ ಶ್ಯಾನಹನ್ ಮನೆಯನ್ನು ಅಷ್ಟು ಒಪ್ಪವಾಗಿ ಇಟ್ಟಿದ್ದರು, ಯಾರು ಬಂದರೂ ನಡೆಯುತ್ತಿತ್ತು ಎಂದು ಕೆಲವರು ಹೇಳುತ್ತಾರೆ. ಲ್ಯಾನ್ಸ್ ಬಂದದ್ದೂ ಅದೇ ಮನೆಗೆ ಎಂದು ಇನ್ನು ಕೆಲವರು. ಇಬ್ಬರ ಜೊತೆಗೂ ನಾನು ತಲೆಯಾಡಿಸುತ್ತೇನೆ.

ಭವಿಷ್ಯ ಸುಳ್ಳಾದರೆ

ಗಾಬರಿ ಬೇಡ. ಸ್ವಲ್ಪ ಕಾಯಿರಿ. 2018ರ ಮೂರನೆಯ ಆಯ್ಕೆ ಸ್ಯಾಮ್ ಡಾರ್ನಲ್ಡ್ ನ್ಯೂಯಾರ್ಕಿನಲ್ಲಿ ಕೆಟ್ಟ, ಕ್ಯಾರೊಲಿನಾದಲ್ಲಿ ಕೆಟ್ಟ, ಎಲ್ಲರ ಪಟ್ಟಿಯಿಂದ ಅಳಿಸಿಹೋದ. 2024ರಲ್ಲಿ ಮಿನೆಸೋಟಾಕ್ಕೆ 14 ಪಂದ್ಯ ಗೆದ್ದುಕೊಟ್ಟ. ಮೊದಲು ಹೊಗಳಿದವರು ನಾವು ಅಂದೇ ಹೇಳಿದ್ದೆವು ಎಂದರು, ನಡುವೆ ತೆಗಳಿದವರು ಮಾತು ಬದಲಿಸಿದರು. ಯಾರಿಗೂ ನಷ್ಟವಾಗಲಿಲ್ಲ.

ಕಾಯುವ ವ್ಯವಧಾನ ಇಲ್ಲದವರು ಮೆಲ್ ಕೈಪರ್ ಅವರನ್ನು ನೋಡಿ ಕಲಿಯಬಹುದು. 1980ರ ದಶಕದಿಂದ ಇಎಸ್‌ಪಿಎನ್ ಚಾನೆಲ್‌ನಲ್ಲಿ ಡ್ರಾಫ್ಟ್ ಭವಿಷ್ಯ ನುಡಿಯುತ್ತಿರುವ ಹಿರಿಯರು ಅವರು. 2010ರಲ್ಲಿ ನೋಟರ್ ಡೇಮ್‌ನ ಜಿಮಿ ಕ್ಲಾಸನ್ ಮೇಲೆ ಅವರಿಗೆ ಎಷ್ಟು ಭರವಸೆ ಇತ್ತೆಂದರೆ, ಇನ್ನು ಎಂಟು ವರ್ಷದಲ್ಲಿ ಈ ಹುಡುಗ ಯಶಸ್ವಿ ಕ್ವಾರ್ಟರ್‌ಬ್ಯಾಕ್ ಆಗದಿದ್ದರೆ ನಾನು ಈ ಕೆಲಸವನ್ನೇ ಬಿಡುತ್ತೇನೆ ಎಂದು ಟಿವಿಯಲ್ಲೇ ಪಣ ತೊಟ್ಟರು. ಕ್ಲಾಸನ್ ಆ ವರ್ಷ ಹತ್ತು ಪಂದ್ಯ ಶುರುಮಾಡಿ ಒಂದು ಗೆದ್ದ. ಅದರ ಮುಂದಿನ ವರ್ಷ ಅವನ ತಂಡ ಬೇರೆ ಕ್ವಾರ್ಟರ್‌ಬ್ಯಾಕ್ ತಂದುಕೊಂಡಿತು. ಎಂಟು ವರ್ಷದ ಗಡುವು 2018ಕ್ಕೆ ಮುಗಿಯಿತು. ಕೈಪರ್ ಕೆಲಸ ಬಿಡಲಿಲ್ಲ. ಅದೇ 2018ರ ವಸಂತದಲ್ಲಿ, ಶೇಕಡಾ 56ರ ವೈಯೋಮಿಂಗ್ ಹುಡುಗನನ್ನು ಊರೆಲ್ಲ ಬೇಡವೆನ್ನುತ್ತಿದ್ದಾಗ, ಅವನ ಪರವಾಗಿ ಗಟ್ಟಿ ದನಿಯಲ್ಲಿ ನಿಂತವರು ಅವರೇ.